ದೋಣಿಯ ತಳದಲ್ಲಿ ನೀರು: ಸೋರಿಕೆ ಎಲ್ಲಿ? ಎಷ್ಟು? ಏಕೆ?

ಆಳಂದ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮಾ ನದಿಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಜೇವರ್ಗಿ ತಾಲ್ಲೂಕಿನ ಕಡೆಗೆ ಸಾಗಿ, ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಈ ನದಿಯ ಪಾತ್ರದಲ್ಲಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಿರುತ್ತವೆ. ಮಳೆಗಾಲದಲ್ಲಿ, ಅದರಲ್ಲೂ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟಾಗ, ಅದೇ ನದಿ ದಂಡೆ ಮೀರಿ ಹರಿಯುತ್ತದೆ. 2020ರ ಅಕ್ಟೋಬರ್ ಪ್ರವಾಹವನ್ನು ಈ ಭಾಗದವರು ಇನ್ನೂ ಮರೆತಿಲ್ಲ. ಹಳ್ಳಿಗಳು ನಡುಗಡ್ಡೆಗಳಾದಾಗ ಜನರನ್ನು ಈಚೆ ದಡಕ್ಕೆ ತಂದದ್ದು ದೋಣಿಗಳು.

ವರ್ಷದ ಬಹುಭಾಗ ದಂಡೆಯ ಮೇಲೆ ಬಿದ್ದಿರುವ ದೋಣಿಯನ್ನು ಒಮ್ಮೆಲೇ ನೀರಿಗೆ ಇಳಿಸಿದಾಗ ಏನಾಗುತ್ತದೆ? ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ನಾನು ವಿದ್ಯಾರ್ಥಿಗಳೊಡನೆ ಸಂಗಮದ ದಂಡೆಗೆ ಹೋಗಿದ್ದಾಗ ಅದನ್ನು ಕಣ್ಣಾರೆ ಕಂಡೆ. ಮರದ ದೋಣಿಯೊಂದರ ತಳದಲ್ಲಿ ಗೇಣುದ್ದದ ಜಾಗದಲ್ಲಿ ನೀರು ನಿಂತಿತ್ತು. ನಮ್ಮ ವಿದ್ಯಾರ್ಥಿಯೊಬ್ಬ ಬಗ್ಗಿ ಅಲ್ಲೇ ತೂತು ಹುಡುಕತೊಡಗಿದ. ಅಂಬಿಗರು ನಕ್ಕು ಹೇಳಿದರು: “ತಮ್ಮಾ, ನೀರು ನಿಂತಲ್ಲಿ ತೂತು ಹುಡುಕಬ್ಯಾಡ. ಅದು ಬಂದದ್ದು ಒಂದು ಕಡೆ, ನಿಂತದ್ದು ಇನ್ನೊಂದು ಕಡೆ.”

ಸೋರಿಕೆಯ ಭೌತವಿಜ್ಞಾನವೆಲ್ಲ ಆ ಒಂದು ಮಾತಿನಲ್ಲಿದೆ ಎಂದರೆ ಹೆಚ್ಚಲ್ಲ. ನೀರು ಒಳಬರುವ ಜಾಗವನ್ನು ನಿರ್ಧರಿಸುವುದು ಹೊರಗಿನ ಒತ್ತಡ ಮತ್ತು ಸಂದಿನ ಅಗಲ. ನೀರು ನಿಲ್ಲುವ ಜಾಗವನ್ನು ನಿರ್ಧರಿಸುವುದು ಗುರುತ್ವ. ಇವೆರಡೂ ಒಂದೇ ಕಡೆ ಇರಬೇಕೆಂದಿಲ್ಲ. ದೊಡ್ಡ ಹಾಯಿಹಡಗುಗಳಲ್ಲಿ ಒಳಗಿನ ಹಲಗೆಯ ಕೆಳಗೆ, ತಳದ ತೀರ ತಗ್ಗಿನಲ್ಲಿ, ನೀರು ಕೂಡುವ ಒಂದು ಜಾಗವೇ ಇರುತ್ತದೆ. ಅದನ್ನು ನಾವಿಕರು ಬಿಲ್ಜ್ ಎನ್ನುತ್ತಾರೆ. ಹಡಗಿನ ಯಾವ ಮೂಲೆಯಲ್ಲಿ ಸೋರಿದರೂ ನೀರು ಅಲ್ಲಿಗೇ ಬರುತ್ತದೆ. ಗಾಳಿಗೆ ಹಾಯಿ ಒಂದು ಕಡೆ ವಾಲಿದರೆ ಆ ತಗ್ಗೂ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ತಳದ ನೀರು ಸೋರಿಕೆ ಇದೆ ಎಂಬುದನ್ನಷ್ಟೇ ಹೇಳುತ್ತದೆ. ಎಲ್ಲಿ ಎಂಬುದನ್ನು ನಾವೇ ಕಂಡುಹಿಡಿಯಬೇಕು.

ಎಷ್ಟು ನೀರು ಬರುತ್ತದೆ?

ನೀರಿನ ಮಟ್ಟದಿಂದ ಕೆಳಗೆ ಒಂದು ತೂತಿದೆ ಎಂದುಕೊಳ್ಳೋಣ. ಅದರ ಮೂಲಕ ನೀರು ಯಾವ ವೇಗದಲ್ಲಿ ನುಗ್ಗುತ್ತದೆ? ಇಟಲಿಯ ಟಾರಿಸೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ಆ ಆಳದಷ್ಟು ಎತ್ತರದಿಂದ ಬಿದ್ದ ಕಲ್ಲಿಗೆ ಎಷ್ಟು ವೇಗ ಬರುತ್ತದೋ ಅಷ್ಟೇ ವೇಗ ನೀರಿಗೂ ಬರುತ್ತದೆ. ಅಂದರೆ,

ವೇಗ = √(2 × ಗುರುತ್ವ ವೇಗೋತ್ಕರ್ಷ × ಆಳ)

ಆಳ 30 ಸೆಂ.ಮೀ. ಇದ್ದರೆ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ತೂತಿನ ಅಂಚಿನಲ್ಲಿ ನೀರಿನ ಧಾರೆ ಕಿರಿದಾಗುವುದರಿಂದ ತೂತಿನ ವಿಸ್ತೀರ್ಣದ ಸುಮಾರು 0.6 ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಈ ಆಳದಲ್ಲಿ ದುಂಡನೆಯ ತೂತಿನಿಂದ ನಿಮಿಷಕ್ಕೆ ಬರುವ ನೀರು ಹೀಗಿದೆ:

ತೂತಿನ ವ್ಯಾಸ 1 ಸೆಂ.ಮೀ. – ಸುಮಾರು 7 ಲೀಟರ್
ತೂತಿನ ವ್ಯಾಸ 2 ಸೆಂ.ಮೀ. – ಸುಮಾರು 27 ಲೀಟರ್
ತೂತಿನ ವ್ಯಾಸ 3 ಸೆಂ.ಮೀ. – ಸುಮಾರು 62 ಲೀಟರ್
ತೂತಿನ ವ್ಯಾಸ 5 ಸೆಂ.ಮೀ. – ಸುಮಾರು 170 ಲೀಟರ್

ಹತ್ತು ಲೀಟರಿನ ಬಕೆಟ್ಟಿನಿಂದ ನಿಮಿಷಕ್ಕೆ ಆರು ಸಲ ನೀರು ಎತ್ತಿ ಹಾಕಬಲ್ಲವನು 60 ಲೀಟರ್ ಹೊರಹಾಕುತ್ತಾನೆ. ಅದೂ ದಣಿವಾಗುವ ತನಕ ಮಾತ್ರ. ಆದ್ದರಿಂದ ಮೂರು ಸೆಂಟಿಮೀಟರಿನ ತೂತಿನ ಮುಂದೆ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಸೋಲುತ್ತಾನೆ. ಅಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ನೀರು ಎತ್ತುವುದಲ್ಲ, ಕೈಗೆ ಸಿಕ್ಕ ಬಟ್ಟೆಯನ್ನು ತೂತಿಗೆ ತುರುಕುವುದು. ತೂತಿನ ವ್ಯಾಸ ಇಮ್ಮಡಿಯಾದರೆ ನೀರು ನಾಲ್ಕು ಪಟ್ಟಾಗುತ್ತದೆ. ಆದರೆ ನೀರು ಇಮ್ಮಡಿಯಾಗಬೇಕಾದರೆ ಆಳವೇ ನಾಲ್ಕು ಪಟ್ಟಾಗಬೇಕು. ಇಡೀ ತೂತು ಮುಚ್ಚಲಾಗದಿದ್ದರೂ ಅರ್ಧ ಮುಚ್ಚಿದರೆ ದೊಡ್ಡ ಲಾಭ ಎಂಬುದು ಇದರಿಂದ ಗೊತ್ತಾಗುತ್ತದೆ.

ಒಳಗೆ ನೀರು ತುಂಬಿದರೆ ಸೋರಿಕೆ ತಾನೇ ನಿಲ್ಲುವುದೇ?

ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು ‘ಹೌದು’ ಎನ್ನುತ್ತಾರೆ. ಒಳಗಿನ ನೀರು ಏರಿದಂತೆ ಒಳಒತ್ತಡವೂ ಏರಿ, ಹೊರಗಿನ ಒತ್ತಡವನ್ನು ಸರಿದೂಗಿಸುತ್ತದೆ ಎಂಬುದು ಅವರ ವಾದ. ದಡದಲ್ಲಿ ಕಟ್ಟಿದ ತೊಟ್ಟಿಯಾದರೆ ಈ ವಾದ ಸರಿ. ತೇಲುವ ದೋಣಿಗೆ ಇದು ಒಪ್ಪುವುದಿಲ್ಲ.

ಪೆಟ್ಟಿಗೆಯಾಕಾರದ ದೋಣಿಯನ್ನು ತೆಗೆದುಕೊಳ್ಳಿ. ಅದರೊಳಗೆ ಒಂದು ಸೆಂಟಿಮೀಟರ್ ನೀರು ಏರಿದರೆ ಅಷ್ಟು ನೀರಿನ ಭಾರವನ್ನು ಹೊರಲು, ಆರ್ಕಿಮಿಡೀಸ್ ನಿಯಮದಂತೆ, ದೋಣಿ ಇನ್ನೊಂದು ಸೆಂಟಿಮೀಟರ್ ಕೆಳಗಿಳಿಯಬೇಕು. ಒಳಮಟ್ಟ ಒಂದು ಏರಿತು, ಹೊರಮಟ್ಟವೂ ಒಂದು ಏರಿತು. ಎರಡರ ನಡುವಿನ ಅಂತರ ಹಾಗೇ ಉಳಿಯಿತು. ಆ ಅಂತರವೇ ನೀರನ್ನು ಒಳದೂಡುವುದರಿಂದ ಸೋರಿಕೆ ಒಂದೇ ಸಮನೆ ಮುಂದುವರಿಯುತ್ತದೆ. ದೋಣಿ ಪೂರ್ತಿ ತುಂಬುವ ತನಕ ಕಾಯುವುದೂ ಇಲ್ಲ. ಅದರ ಅಂಚು ಹೊಳೆಯ ಮಟ್ಟಕ್ಕೆ ಬಂದ ಕ್ಷಣ ನೀರು ಮೇಲಿನಿಂದ ನುಗ್ಗುತ್ತದೆ. ‘ಇನ್ನೂ ಅರ್ಧ ಖಾಲಿ ಇದೆ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಪ್ರಯೋಗ: ನೇರ ಗೋಡೆಯ, ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬಿಯೊಂದರ ತಳದ ಮಧ್ಯೆ ಕಾಯಿಸಿದ ಸೂಜಿಯಿಂದ ಸುಮಾರು 2 ಮಿ.ಮೀ. ತೂತು ಮಾಡಿ. ತಳದಲ್ಲಿ ತೂತು ಮುಚ್ಚದಂತೆ ಕೆಲವು ಕಬ್ಬಿಣದ ನಟ್ಟುಗಳನ್ನು ಹರಡಿ, ಡಬ್ಬಿಯನ್ನು ನೀರು ತುಂಬಿದ ಟಬ್ಬಿನಲ್ಲಿ ತೇಲಿಬಿಡಿ. ನಟ್ಟುಗಳು ಮುಳುಗಿದ ಮೇಲೆ ನಿಮಿಷಕ್ಕೊಮ್ಮೆ ಒಳಮಟ್ಟವನ್ನು ಗುರುತು ಮಾಡಿ. ಗುರುತುಗಳ ನಡುವಿನ ಅಂತರ ಹೆಚ್ಚುಕಡಿಮೆ ಸಮನಾಗಿರುವುದನ್ನು ಕಾಣುವಿರಿ.

ನಮ್ಮ ಹಿರಿಯರು ಕಾಲ ಅಳೆಯಲು ಬಳಸುತ್ತಿದ್ದ ಗಳಿಗೆ ಬಟ್ಟಲು ಇದೇ ಜಾತಿಯದು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ, ಅಂದರೆ 24 ನಿಮಿಷ ಬೇಕು. ಸೋರುವ ದೋಣಿಯೂ ಒಂದು ಗಡಿಯಾರವೇ. ಅದರ ಗಳಿಗೆ ಎಷ್ಟು ನಿಮಿಷದ್ದು ಎಂಬುದನ್ನು ನೀರಿಗಿಳಿಯುವ ಮೊದಲೇ ತಿಳಿದಿರಬೇಕು, ಅಷ್ಟೆ.

ಸಣ್ಣ ಸಂದಿನ ಬೇರೆ ನಿಯಮ

ದೋಣಿಗಳಲ್ಲಿ ದುಂಡು ತೂತಿಗಿಂತ ಹಲಗೆಗಳ ನಡುವಿನ ಸಂದಿನ ಸೋರಿಕೆಯೇ ಹೆಚ್ಚು. ಕೂದಲೆಳೆಯಂಥ ಸಂದಿನಲ್ಲಿ ನೀರಿನ ಸ್ನಿಗ್ಧತೆ ಅದರ ಓಟಕ್ಕೆ ಕಡಿವಾಣ ಹಾಕುತ್ತದೆ. ಇಲ್ಲಿ ಟಾರಿಸೆಲ್ಲಿ ನಿಯಮ ನಡೆಯುವುದಿಲ್ಲ. ಇಲ್ಲಿ ನೀರಿನ ಪ್ರಮಾಣ ಸಂದಿನ ಅಗಲದ ಘನವನ್ನು ಅವಲಂಬಿಸುತ್ತದೆ.

ಎರಡೂವರೆ ಸೆಂ.ಮೀ. ದಪ್ಪದ ಹಲಗೆಗಳ ನಡುವೆ 10 ಸೆಂ.ಮೀ. ಉದ್ದದ, 0.1 ಮಿ.ಮೀ. ಅಗಲದ ಸಂದು 30 ಸೆಂ.ಮೀ. ಆಳದಲ್ಲಿದ್ದರೆ ಗಂಟೆಗೆ ಸುಮಾರು ಮೂರೂವರೆ ಲೀಟರ್ ನೀರು ಬರುತ್ತದೆ. ಒಂದು ರಾತ್ರಿಗೆ ಎರಡು ಮೂರು ಕೊಡದಷ್ಟು. ಅಗಲ 0.2 ಮಿ.ಮೀ. ಆದರೆ ಎಂಟು ಪಟ್ಟು, ಅಂದರೆ ಗಂಟೆಗೆ 28 ಲೀಟರ್. ಅಗಲ 0.05 ಮಿ.ಮೀ.ಗೆ ಇಳಿದರೆ ಅರ್ಧ ಲೀಟರಿಗೂ ಕಡಿಮೆ.

ಅಂಬಿಗರ ಒಂದು ಹಳೆಯ ರೂಢಿಗೆ ಕಾರಣ ಇಲ್ಲಿದೆ. ಕಲಬುರಗಿ ಸೀಮೆಯಲ್ಲಿ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಆ ಬಿಸಿಲಿಗೆ ಒಣಗಿದ ಮರ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಕುಗ್ಗುವುದು ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. 20 ಸೆಂ.ಮೀ. ಅಗಲದ ಹಲಗೆ ಶೇಕಡ 1ರಷ್ಟು ಕುಗ್ಗಿದರೂ 2 ಮಿ.ಮೀ. ಜಾಗ ಬಿಟ್ಟುಕೊಡುತ್ತದೆ. ಆದ್ದರಿಂದ ಮರದ ದೋಣಿ ಅತಿ ಹೆಚ್ಚು ಸೋರುವುದು ಮಳೆಗಾಲದ ಮೊದಲ ದಿನ. ದೋಣಿಯನ್ನು ಬಳಸುವ ಮೊದಲು ಎರಡು ಮೂರು ದಿನ ದಡದ ತೆಳುನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಸಂದು ಕಿರಿದಾಗುತ್ತದೆ. ಅಗಲ ಅರ್ಧವಾದರೆ ಸೋರಿಕೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ನೆನೆದ ಮೇಲೂ ಸೋರುವ ಸಂದಿಗೆ ಮಾತ್ರ ದುರಸ್ತಿ ಬೇಕು. ಒಣಗಿದ ದೋಣಿಯ ಸಂದಿಗೆಲ್ಲ ಗಟ್ಟಿ ಲೇಪ ಜಡಿದರೆ ಮರ ಉಬ್ಬಿದಾಗ ಹಲಗೆಯ ಮೊಳೆಗಳೇ ಸಡಿಲಗೊಳ್ಳಬಹುದು. ಫೈಬರ್ ದೋಣಿಗೆ ಹೀಗೆ ತಾನೇ ಮುಚ್ಚಿಕೊಳ್ಳುವ ಗುಣವಿಲ್ಲ. ಅದರಲ್ಲಿ ಕಂಡ ಬಿರುಕು ದುರಸ್ತಿಯಾಗುವ ತನಕ ಬಿರುಕೇ.

ಸೋರಿಕೆಯ ಪತ್ತೆ

ಪತ್ತೆ ಕೆಲಸದ ಮೊದಲ ಹೆಜ್ಜೆ ಒಣಗಿಸುವುದು. ತಳದ ನೀರನ್ನೆಲ್ಲ ತೆಗೆದು, ಬಟ್ಟೆಯಿಂದ ಒರೆಸಿ, ದೋಣಿಯನ್ನು ನಿಶ್ಚಲ ನೀರಿನಲ್ಲಿ ಕಟ್ಟಿಹಾಕಿ. ಅರ್ಧ ಗಂಟೆಯ ನಂತರ ಕೂಡಿದ ನೀರನ್ನು ಅಳೆಯಿರಿ. ಖಾಲಿ ದೋಣಿ, ಭಾರ ಹೇರಿದ ದೋಣಿ, ಹುಟ್ಟು ಹಾಕಿ ನಡೆಸಿದ ದೋಣಿ, ಹೀಗೆ ಮೂರು ಸಲ ಅಳೆದು ಬರೆದಿಡಿ. ಈ ಮೂರು ಅಂಕಿಗಳು ಬಹಳಷ್ಟನ್ನು ಹೇಳುತ್ತವೆ. ಮೂರೂ ಸಲ ಸೋರಿದರೆ ತೂತು ತಳದಲ್ಲಿದೆ. ಭಾರ ಹೇರಿದಾಗ ಮಾತ್ರ ಸೋರಿದರೆ ತೂತು ಖಾಲಿ ದೋಣಿಯ ನೀರಿನ ಮಟ್ಟಕ್ಕಿಂತ ಮೇಲಿದೆ. ನಡೆಸಿದಾಗ ಮಾತ್ರ ಸೋರಿದರೆ ಹಲಗೆಯ ಜೋಡಣೆ ಅಲುಗಾಡುತ್ತಿದೆ. ಹಾಯಿದೋಣಿ ಒಂದು ಮಗ್ಗುಲಿಗೆ ವಾಲಿದಾಗ ಮಾತ್ರ ಸೋರಿದರೆ ಆ ಮಗ್ಗುಲಿನ ಮೇಲಿನ ಹಲಗೆಗಳನ್ನು ನೋಡಬೇಕು.

ಎರಡನೆಯದು, ಅದು ಯಾವ ನೀರು ಎಂಬ ಪ್ರಶ್ನೆ. ಕಡಲಿನ ನಾವಿಕ ಒಂದು ಹನಿ ನಾಲಗೆಗೆ ಹಚ್ಚಿ ನೋಡುತ್ತಾನೆ. ಉಪ್ಪಾದರೆ ಹೊರಗಿನ ನೀರು, ಸಿಹಿಯಾದರೆ ಮಳೆಯದು ಅಥವಾ ಕುಡಿಯುವ ನೀರಿನ ತೊಟ್ಟಿಯದು. ಭೀಮೆಯಲ್ಲಿ ನಾಲಗೆಯ ಪರೀಕ್ಷೆ ನಡೆಯದು, ಕಣ್ಣಿನ ಪರೀಕ್ಷೆ ನಡೆಯುತ್ತದೆ. ಹೊಸ ನೀರು ಬಂದ ಹೊಳೆ ಕೆಂಪು ರಾಡಿಯಾಗಿರುತ್ತದೆ, ಮೇಲಿನಿಂದ ಬಿದ್ದ ಮಳೆನೀರು ತಿಳಿಯಾಗಿರುತ್ತದೆ. ಶಾಲೆಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮಳೆನೀರಿನಲ್ಲಿ ಕರಗಿದ ಲವಣ ಹೊಳೆನೀರಿಗಿಂತ ಬಹಳ ಕಡಿಮೆ ಇರುವುದರಿಂದ ಮೀಟರ್ ಎರಡನ್ನೂ ಸುಲಭವಾಗಿ ಬೇರ್ಪಡಿಸುತ್ತದೆ.

ಮೂರನೆಯದು ಭಾಗ ಮಾಡುವುದು. ಒರೆಸಿದ ತಳದಲ್ಲಿ ಜೇಡಿಮಣ್ಣಿನ ಅಥವಾ ಸುತ್ತಿದ ಬಟ್ಟೆಯ ಸಣ್ಣ ಒಡ್ಡು ಹಾಕಿ ಎರಡು ಭಾಗ ಮಾಡಿ. ಯಾವ ಭಾಗದಲ್ಲಿ ನೀರು ಮೊದಲು ಬರುತ್ತದೆ ನೋಡಿ. ಅದನ್ನು ಮತ್ತೆ ಎರಡು ಭಾಗ ಮಾಡಿ. ಹೀಗೆ ಮೂರು ಸಲ ಮಾಡಿದರೆ ಹುಡುಕಬೇಕಾದ ಜಾಗ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕೊನೆಗೆ ಆ ಭಾಗದ ಹಲಗೆಗಳ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ನೀರು ಬಂದ ದಾರಿ ಒದ್ದೆ ಗೆರೆಯಾಗಿ ಮೂಡುತ್ತದೆ. ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ತೂತು ಸಿಗುತ್ತದೆ.

ದೋಣಿ ದಂಡೆಯ ಮೇಲಿದ್ದರೆ ರಾತ್ರಿ ಒಳಗೊಂದು ದೀಪವಿಟ್ಟು ಹೊರಗಿನಿಂದ ನೋಡಬಹುದು. ಒಳಗೆ ಸ್ವಲ್ಪ ನೀರು ಹಾಕಿ, ಅದಕ್ಕೆ ಚಿಟಿಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ, ಹೊರಗೆ ನೇರಳೆ ಕಲೆ ಎಲ್ಲಿ ಬರುತ್ತದೆ ಎಂದು ನೋಡಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ದೋಣಿಯಲ್ಲಿ 30 ಸೆಂ.ಮೀ. ನೀರು ನಿಲ್ಲಿಸಿದರೆ ಅದರ ತೂಕ 1,800 ಕಿಲೋಗ್ರಾಂ. ಹೊಳೆಯಲ್ಲಿ ದೋಣಿಯ ಒಡಲಿಗೆ ಸುತ್ತಲಿನ ನೀರೇ ಆಸರೆ. ದಂಡೆಯ ಮೇಲೆ ಆ ಆಸರೆ ಇಲ್ಲದೆ ಹಲಗೆಗಳು ಬಿಚ್ಚಿಕೊಳ್ಳಬಹುದು. ಆದ್ದರಿಂದ ನಾಲ್ಕೈದು ಸೆಂಟಿಮೀಟರಿಗಿಂತ ಹೆಚ್ಚು ನೀರು ಬೇಡ.

ಪ್ರವಾಹದ ಕಾಲದಲ್ಲಿ ಬಳಸುವ ಗಾಳಿ ತುಂಬಿದ ರಬ್ಬರ್ ದೋಣಿಗೆ ಸೈಕಲ್ ಪಂಕ್ಚರಿನ ವಿಧಾನವೇ ಸರಿ. ಸಾಬೂನಿನ ನೀರು ಬಳಿದು ಗುಳ್ಳೆ ನೋಡಬೇಕು. ಗಾಳಿಯ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 50 ಪಟ್ಟು ಕಡಿಮೆ. ನೀರು ನುಸುಳಲು ತಡವರಿಸುವ ಸಂದಿನಲ್ಲೂ ಗಾಳಿ ಸಲೀಸಾಗಿ ನುಸುಳಿ ಗುಳ್ಳೆ ಎಬ್ಬಿಸುತ್ತದೆ.

ಮುಚ್ಚುವ ಬಗೆ

ತೇಪೆ ಒಳಗೆ ಹಾಕಬೇಕೋ ಹೊರಗೋ? 30 ಸೆಂ.ಮೀ. ಆಳದಲ್ಲಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತೇಪೆಯ ಮೇಲೆ ನೀರು ಸುಮಾರು 3 ಕಿಲೋಗ್ರಾಂ ತೂಕದಷ್ಟು ಬಲ ಹಾಕುತ್ತದೆ. ತೇಪೆ ಹೊರಗಿದ್ದರೆ ಆ ಬಲ ಅದನ್ನು ಒಡಲಿಗೆ ಒತ್ತಿ ಹಿಡಿಯುತ್ತದೆ. ಒಳಗಿದ್ದರೆ ಸಂದಿನಿಂದ ನುಸುಳಿದ ನೀರು ಅದನ್ನು ಕಿತ್ತು ಎಬ್ಬಿಸಲು ನೋಡುತ್ತದೆ. ಹಾಗಾಗಿ ಕಾಯಂ ತೇಪೆ ಹೊರಗಿನಿಂದ, ಅವಸರದ ತೇಪೆ ಮಾತ್ರ ಒಳಗಿನಿಂದ. ಅವಸರಕ್ಕೆ ಮೆದುಮರದ ಚೂಪಾದ ಬೆಣೆಗೆ ಬಟ್ಟೆ ಸುತ್ತಿ ತೂತಿಗೆ ಹೊಡೆಯುವುದು ಹಳೆಯ, ಒಳ್ಳೆಯ ಉಪಾಯ. ನೆನೆದ ಬೆಣೆ ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ.

ಹರಿಗೋಲಿನ ಕಟ್ಟಡ ಬೇರೆ. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಕಲ್ಲಿಗೆ ಉಜ್ಜಿ ಹರಿದ ಜಾಗಕ್ಕೆ ಹೊರಗಿನಿಂದ ಬಟ್ಟೆ ಮತ್ತು ಡಾಂಬರಿನ ತೇಪೆ ಸಾಕು. ಜಾಗ ಒಣಗಿರಬೇಕು, ಮಣ್ಣಿರಬಾರದು. ಫೈಬರ್ ದೋಣಿಯ ಬಿರುಕಿನ ಸುತ್ತ ಹೊಳಪು ಪದರವನ್ನು ಮರಳುಕಾಗದದಿಂದ ಉಜ್ಜಿ, ಅಂಚನ್ನು ಇಳಿಜಾರು ಮಾಡಿ, ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯೊಡನೆ ಎರಡು ಮೂರು ಪದರ ಕೂರಿಸಬೇಕು. ಉಜ್ಜದೆ ಹಚ್ಚಿದ ಎಪಾಕ್ಸಿ ಸಿಪ್ಪೆಯಂತೆ ಎದ್ದುಬರುತ್ತದೆ. ಇಂಥ ದೋಣಿಗಳಿಗೆ ಸಿಮೆಂಟ್ ಒಗ್ಗದು. ಒಡಲು ಬಾಗುತ್ತದೆ, ಸಿಮೆಂಟ್ ಬಾಗದೆ ಒಡೆಯುತ್ತದೆ.

ಮರದ ಸಂದಿಗೆ ಬೇಕಾದದ್ದು ಮರದೊಡನೆ ಉಬ್ಬಿ ಕುಗ್ಗಬಲ್ಲ ವಸ್ತು. ಹತ್ತಿಯ ಅಥವಾ ನಾರಿನ ಹುರಿಯನ್ನು ಸಂದಿಗೆ ತುಂಬಿ ಮೇಲೆ ರಾಳ ಮತ್ತು ಎಣ್ಣೆಯ ಲೇಪ ಹಾಕುವ ಪದ್ಧತಿ ಇದಕ್ಕೇ ಬಂದದ್ದು. ಈ ವಿದ್ಯೆಯ ಬಲವನ್ನು ನಮ್ಮ ಕರಾವಳಿಯ ಒಂದು ಹಾಯಿಹಡಗು ಈಚೆಗೆ ತೋರಿಸಿಕೊಟ್ಟಿತು. ಅಜಂತಾ ಗುಹೆಯ 5ನೆಯ ಶತಮಾನದ ಚಿತ್ರವನ್ನು ಆಧರಿಸಿ ಕಟ್ಟಿದ ‘ಕೌಂಡಿನ್ಯ’ ಎಂಬ ಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಲಾಯಿತು. ಅದರ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು ಮತ್ತು ನೈಸರ್ಗಿಕ ರಾಳ ತುಂಬಲಾಗಿದೆ. 2025ರ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟ ಅದು 2026ರ ಜನವರಿಯಲ್ಲಿ ಒಮಾನಿನ ಮಸ್ಕತ್ ತಲುಪಿತು. ಹೊಲಿಗೆಯ ಒಡಲು ಅಲೆಗೆ ಬಾಗುತ್ತದೆ, ಸಂದಿನ ನಾರೂ ಅದರೊಡನೆ ಬಾಗುತ್ತದೆ.

ನಿಂತ ನೀರಿನ ಇನ್ನೊಂದು ಅಪಾಯ

ತಳದ ನೀರು ಭಾರವಷ್ಟೇ ಆಗಿದ್ದರೆ ಅಷ್ಟು ಭಯವಿರಲಿಲ್ಲ. ಅದು ಹರಿದಾಡುವ ಭಾರ. ಒಂದು ತಂಬಿಗೆ ನೀರನ್ನು ಹಿಡಿದು ನಡೆಯುವುದು ಸುಲಭ. ಅದೇ ನೀರನ್ನು ಅಗಲವಾದ ಪರಾತದಲ್ಲಿ ಹಾಕಿಕೊಂಡು ನಡೆದು ನೋಡಿ. ಸ್ವಲ್ಪ ವಾಲಿದರೆ ನೀರೆಲ್ಲ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ದೋಣಿಯಲ್ಲೂ ಹೀಗೆಯೇ. ಈ ಪರಿಣಾಮ ನೀರು ಹರಡಿದ ಅಗಲದ ಘನವನ್ನು ಅವಲಂಬಿಸುತ್ತದೆ. ತಳದ ಉದ್ದಕ್ಕೂ ನಡುವೆ ಒಂದು ಅಡ್ಡಹಲಗೆ ನಿಲ್ಲಿಸಿದರೆ ಪ್ರತಿ ಭಾಗದ ಪರಿಣಾಮ ಎಂಟನೆಯ ಒಂದು, ಎರಡೂ ಸೇರಿ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ.

1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರೂಗ ಬಂದರಿನ ಹೊರಗೆ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗು ಮುಂಬಾಗಿಲು ತೆರೆದುಕೊಂಡೇ ಹೊರಟಿತು. ವಾಹನಗಳನ್ನು ನಿಲ್ಲಿಸುವ ಅಗಲವಾದ ಅಟ್ಟದ ಮೇಲೆ ನೀರು ಹರಡಿತು. ಕೆಲವೇ ನಿಮಿಷಗಳಲ್ಲಿ ಹಡಗು ಮಗುಚಿ 193 ಜನ ಸತ್ತರು. ಹಡಗು ತುಂಬಿ ಮುಳುಗಲಿಲ್ಲ, ಒಳಗಿನ ನೀರು ಒಂದು ಕಡೆಗೆ ಓಡಿದ್ದರಿಂದ ಮಗುಚಿತು. ಹೊಳೆ ದಾಟುವಾಗ ತಳದಲ್ಲಿ ನೀರು ಕಂಡರೆ ಎದ್ದು ನಿಲ್ಲಬಾರದು, ಎಲ್ಲರೂ ಒಂದೇ ಕಡೆ ಸರಿಯಬಾರದು ಎನ್ನುವುದು ಇದಕ್ಕೇ.

ಶಾಲೆಯಲ್ಲಿ ಮಾಡಬಹುದಾದದ್ದು

ಹೊಳೆಯಿಂದ ದೂರವಿರುವ ಆಳಂದದ ಕಡೆಯ ಶಾಲೆಗಳಿಗೆ ದೋಣಿ ಬೇಕಿಲ್ಲ, ನೀರಿನ ಟಾಕಿ ಸಾಕು. ಸಂಜೆ ನಲ್ಲಿಗಳನ್ನೆಲ್ಲ ಮುಚ್ಚಿ ಮಟ್ಟ ಗುರುತು ಮಾಡಿ, ಮರುದಿನ ಬೆಳಿಗ್ಗೆ ನೋಡಿ. ಮಟ್ಟದ ಇಳಿತವನ್ನು ಟಾಕಿಯ ತಳದ ವಿಸ್ತೀರ್ಣದಿಂದ ಗುಣಿಸಿದರೆ ರಾತ್ರಿಯ ಸೋರಿಕೆ ತಿಳಿಯುತ್ತದೆ. ಟಾಕಿ ಅರ್ಧ ಇದ್ದಾಗಲೂ ಹೀಗೇ ಅಳೆಯಿರಿ. ಒಂದು ಮಟ್ಟಕ್ಕೆ ಇಳಿದ ಮೇಲೆ ಸೋರಿಕೆ ನಿಂತುಬಿಟ್ಟರೆ ಬಿರುಕು ಆ ಮಟ್ಟದಲ್ಲೇ ಇದೆ.

ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಶಾಲೆಗಳ ವಿಜ್ಞಾನ ಸಂಘಗಳು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು, ಊರಿನ ಅಂಬಿಗರ ಮತ್ತು ಮೀನುಗಾರರ ಜೊತೆ ಒಂದು ದಿನ ಕೂಡಬಹುದು. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಮೊಣಕಾಲುದ್ದದ ನಿಶ್ಚಲ ನೀರಿನಲ್ಲಿ ದೋಣಿ ಕಟ್ಟಿ, ಅರ್ಧ ಗಂಟೆಯ ಸೋರಿಕೆ ಅಳೆದು ದೋಣಿಯ ಒಳಹಲಗೆಯ ಮೇಲೆ ದಿನಾಂಕದೊಡನೆ ಬರೆಯಬೇಕು. ಮುಂದಿನ ವರ್ಷದ ಅಂಕಿ ಅದಕ್ಕಿಂತ ಹೆಚ್ಚಾಗಿದ್ದರೆ ಆ ದೋಣಿಯ ಸಂದು ಅಗಲವಾಗುತ್ತಿದೆ ಎಂದರ್ಥ. ಲೆಕ್ಕ ಮಾಡಲು ವಿದ್ಯಾರ್ಥಿಗಳಿಗೆ ಬರುತ್ತದೆ, ಮುಚ್ಚಲು ಅಂಬಿಗರಿಗೆ ಬರುತ್ತದೆ. ಭೀಮೆಗೆ ಮತ್ತೆ ಪ್ರವಾಹ ಬಂದು ಅದೇ ದೋಣಿ ಮಕ್ಕಳನ್ನೂ ವೃದ್ಧರನ್ನೂ ಹೊತ್ತು ದಾಟಬೇಕಾದ ದಿನ, ಅದರ ತಳ ಎಷ್ಟು ಹೊತ್ತು ಒಣಗಿರುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರಲಿ.